ಇಂದುಧರನ ಸುಣ್ಣದ ಕೈ

ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಗೋಣಿಚೀಲದ ಅಂಗಡಿ ಇಟ್ಟುಕೊಂಡಿರುವ ಇಂದುಧರ ಒಂದು ಕಾಲಕ್ಕೆ ಮೂರು ಆಳುಗಳನ್ನು ಮೈಗೆ ಅಂಟಿಸಿಕೊಂಡೇ ಗೆರೆಯ ಕಡೆಗೆ ನುಗ್ಗುತ್ತಿದ್ದ ಕಬಡ್ಡಿ ಹುಲಿ ಎಂದರೆ ಇವತ್ತು ಅವನನ್ನು ನೋಡಿದವರು ನಕ್ಕುಬಿಡುತ್ತಾರೆ. ಐವತ್ನಾಲ್ಕು ವರ್ಷ. ಹೊಟ್ಟೆ ಮುಂದಕ್ಕೆ ಬಂದಿದೆ, ಕೂದಲು ಹಿಂದಕ್ಕೆ ಹೋಗಿದೆ. ಬೆಳಗಿನಿಂದ ಸಂಜೆಯವರೆಗೆ ಕನ್ನಡಕ ಏರಿಸಿಕೊಂಡು, ದಬ್ಬಳ ಹಿಡಿದು ಹರಿದ ಚೀಲ ಹೊಲಿಯುವುದೇ ಅವನ ಕೆಲಸ. ನಗುವವರಿಗೆ ತೋರಿಸಲೆಂದೇ ಅಂಗಡಿಯ ಗೋಡೆಯ ಮೇಲೊಂದು ಫೋಟೋ ಇದೆ. ಅದನ್ನು ತೂಗುಹಾಕಿದ್ದು ಅವನಲ್ಲ, ಅವನ ಹಿರಿಮಗ ಶರತ್, ಅದೂ ಶಾಲೆಗೆ ಹೋಗುವ ವಯಸ್ಸಿನಲ್ಲೇ. ಧೂಳು ಮೆತ್ತಿದ ಯುವಕನೊಬ್ಬ ಮಂಡಿಯೂರಿ ಬಲಗೈ ಎತ್ತಿ ಹಿಡಿದಿದ್ದಾನೆ. ನಾಲ್ಕು ಬೆರಳಿನ ತುದಿಯೂ ಸುಣ್ಣ ಮೆತ್ತಿ ಬೆಳ್ಳಗಾಗಿದೆ. ಬಾಯಿ ಅಗಲವಾಗಿ ತೆರೆದಿದೆ, ಏನೋ ಕೂಗುತ್ತಿದ್ದಾನೆ.

ಇಂದುಧರ ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಾನೆ. ಇಪ್ಪತ್ತೆಂಟು ವರ್ಷವಾದರೂ ಆ ಫೋಟೋವನ್ನು ನೇರವಾಗಿ ನೋಡುವ ಧೈರ್ಯ ಅವನಿಗೆ ಬಂದಿಲ್ಲ. ಯಾಕೆಂದರೆ ಆ ಬೆರಳುಗಳ ಸುಣ್ಣ ಸುಳ್ಳು.

ಆಗೆಲ್ಲ ವರ್ಷಕ್ಕೊಮ್ಮೆ, ರಾಗಿ ಒಕ್ಕಣೆ ಮುಗಿದು ಜನ ಸ್ವಲ್ಪ ಉಸಿರು ಬಿಡುವ ಹೊತ್ತಿಗೆ, ಅರಸೀಕೆರೆ ತಾಲ್ಲೂಕಿಗೂ ಬೇಲೂರು ತಾಲ್ಲೂಕಿಗೂ ಕಬಡ್ಡಿ ಪಂದ್ಯ ನಡೆಯುತ್ತಿತ್ತು. ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಸಂಘ, ಜಾತಿ, ಬೀದಿ ಎಂದು ವರ್ಷವಿಡೀ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದವರೂ ಆ ದಿನದ ಮಟ್ಟಿಗೆ ಒಂದೇ ಬಣ್ಣದ ಬನಿಯನ್ನು ತೊಡುತ್ತಿದ್ದರು. ಇಡೀ ತಾಲ್ಲೂಕಿಗೆ ಏಳೇ ಜನ. ಆ ಏಳರಲ್ಲಿ ಒಬ್ಬನಾದವನಿಗೆ ಕ್ಷೌರದಂಗಡಿಯಲ್ಲಿ ಸರದಿ ಇಲ್ಲದೆ ಕುರ್ಚಿ ಸಿಗುತ್ತಿತ್ತು. ನಮ್ಮ ಕಡೆ ಇದಕ್ಕಿಂತ ದೊಡ್ಡ ಮರ್ಯಾದೆ ಎಂಎಲ್ಎಗೂ ಸಿಕ್ಕಿದ್ದು ಕಾಣೆ.

ಆ ವರ್ಷ ಪಂದ್ಯ ಬೇಲೂರು ತಾಲ್ಲೂಕಿನ ಹಳೇಬೀಡಿನಲ್ಲಿ, ಬಸ್ತಿಹಳ್ಳಿಗೆ ಹೋಗುವ ದಾರಿಯ ಬಯಲಿನಲ್ಲಿತ್ತು. ಹಳೇಬೀಡು ಇಂದುಧರನಿಗೆ ಹೆಂಡತಿಯ ತವರು. ಕಮಲಾಕ್ಷಮ್ಮ ಚೊಚ್ಚಲ ಬಸುರಿ. ಹೆರಿಗೆಗೆಂದು ಆಗಲೇ ತವರಿಗೆ ಬಂದಿದ್ದಳು. ಅವಳ ತಮ್ಮ ಚನ್ನೇಶ್ ಬೇಲೂರು ತಂಡದಲ್ಲಿದ್ದ. ಅವನು ಸೊಂಟಕ್ಕೆ ಕೈ ಹಾಕಿದನೆಂದರೆ ಎತ್ತೂ ಅಲ್ಲಾಡುವಂತಿರಲಿಲ್ಲ. ಬೆಳಗ್ಗೆ ಭಾವನಿಗೆ ತಾನೇ ಕಾಫಿ ತಂದುಕೊಟ್ಟು, "ಸಂಜೆ ಬಿಡಾಕಿಲ್ಲ ಭಾವ, ನೋಡ್ತಿರಿ" ಎಂದು ನಕ್ಕಿದ್ದ.

ಬಿಡಲಿಲ್ಲ. ಬೇಲೂರು ಒಂದು ಅಂಕ ಮುಂದಿತ್ತು, ಕೊನೆಯ ರೈಡ್ ಇಂದುಧರನದು. ಮೂವರು ಅವನ ಮೇಲೆ ಬಿದ್ದರು. ಹಿಡಿಸಿಕೊಂಡವನು ಉಸಿರು ಬಿಡದೆ ನಡುಗೆರೆ ಮುಟ್ಟಿಬಿಟ್ಟರೆ ಹಿಡಿದ ಮೂವರೂ ಔಟು, ಪಂದ್ಯ ಅರಸೀಕೆರೆಗೆ. ಅವನು ತೆವಳಿದ, ಕೈ ಚಾಚಿದ. ಸುಣ್ಣದ ಗೆರೆ ಕಣ್ಣೆದುರೇ ಇತ್ತು. ನಾಲ್ಕು ಬೆರಳಿನಷ್ಟು ದೂರದಲ್ಲಿ ಅವನ ಉಸಿರು ಮುಗಿಯಿತು, ರೆಫರಿ ಸೀಟಿ ಊದಿದ, ಹಿಡಿದವರು ಕೈ ಬಿಟ್ಟರು. ಜನವೆಲ್ಲ ಏಳುವ ಆ ಗಲಾಟೆಯಲ್ಲಿ ಇಂದುಧರ ಏಳುವ ನೆಪದಲ್ಲಿ ಬಲಗೈಯನ್ನು ಗೆರೆಯ ಮೇಲೆ ಊರಿದ. ಮತ್ತೆ ಎತ್ತಿ ಹಿಡಿದು, "ಮುಟ್ಟೀನಿ! ಸುಣ್ಣ ನೋಡ್ರೋ!" ಎಂದು ಕೂಗಿಕೊಂಡ.

ಯಾಕೆ ಹಾಗೆ ಮಾಡಿದ ಎಂದು ಕೇಳಿದರೆ ಅವನಿಗೇ ಗೊತ್ತಿಲ್ಲ. ಯೋಚಿಸಿ ಮಾಡಿದ್ದಲ್ಲ. ಆದರೆ ಅದನ್ನು ಕಂಡ ಅರಸೀಕೆರೆಯ ಜನ ಬಯಲಿಗೆ ನುಗ್ಗಿದರು. ಕುರ್ಚಿ ಹಾರಿದವು, ಕಲ್ಲು ಹಾರಿದವು, ಬಾವುಟ ಕಟ್ಟಿದ್ದ ಗಳ ಯಾರದೋ ಕೈಗೆ ಬಂತು. ಆ ಗಳದ ಏಟಿಗೆ ಚನ್ನೇಶನ ಬಲಮೊಣಕೈ ಮುರಿಯಿತು. ಇಪ್ಪತ್ತೆರಡರ ಹುಡುಗ. ಆ ಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ; ಅಂಗಿ ಹಾಕಿಕೊಳ್ಳುವಾಗ ಎಡಗೈಯಿಂದ ಹಿಡಿದು ತೂರಿಸಬೇಕು.

ಪಂದ್ಯ ಅಲ್ಲಿಗೆ ನಿಂತಿತು. ಮರುವರ್ಷ ಅವರು ಕರೆಯಲಿಲ್ಲ, ಇವರು ಹೋಗಲಿಲ್ಲ. ಆ ಗಲಭೆಯಾದ ಇಪ್ಪತ್ತು ದಿನಕ್ಕೆ ಹಳೇಬೀಡಿನಲ್ಲಿ ಶರತ್ ಹುಟ್ಟಿದ. ಅಪ್ಪನಾದವನು ಮಗುವಿನ ಮುಖ ನೋಡಿದ್ದು ಐದನೇ ತಿಂಗಳಲ್ಲಿ, ಬಾಣಂತಿಯನ್ನು ಅರಸೀಕೆರೆಗೆ ಕಳಿಸಿಕೊಟ್ಟಾಗ. ಕಳಿಸಲು ಬಂದವನು ಚನ್ನೇಶನೇ. ಕೈ ಪಟ್ಟಿಯಲ್ಲಿತ್ತು. ಪಂದ್ಯದ ದಿನ ಭಾವನ ಸೊಂಟ ಹಿಡಿದು ಕೆಳಗೆ ಬಿದ್ದಿದ್ದವನು ಅವನು. ಭಾವನ ಕೈ ಎಲ್ಲಿತ್ತು ಎಂದು ಅವನಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿಲ್ಲ. ಅಕ್ಕನ ಸಂಸಾರ ಎಂದೋ ಏನೋ, ಅವನು ಆ ದಿನವೂ ಬಾಯಿ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ. ಒಂದು ಸಲ ಬೈದಿದ್ದರೆ ಇಂದುಧರ ಕಾಲು ಹಿಡಿದು ಹಗುರಾಗುತ್ತಿದ್ದ. ಬೈಯಲಿಲ್ಲವಲ್ಲ, ಅದೇ ಅವನನ್ನು ತಿಂದುಹಾಕಿತು.

ಶರತ್ ಆ ಫೋಟೋದ ಕೆಳಗೇ ಬೆಳೆದ. ಹಳೇಬೀಡಿನಲ್ಲಿ ಅಪ್ಪನಿಗೆ ಮೋಸವಾಯಿತು ಎಂದು ಊರವರು ಹೇಳಿದರು, ಇಂದುಧರ ಅಲ್ಲವೆನ್ನಲಿಲ್ಲ. ಹುಡುಗ ಅಪ್ಪನಿಗಿಂತ ಒಳ್ಳೆಯ ಆಟಗಾರನಾದ. ವಾರವೆಲ್ಲ ಅಂಗಡಿಯಲ್ಲಿ ಚೀಲ ಕಟ್ಟುತ್ತಾನೆ, ಭಾನುವಾರ ಯಾವುದೋ ಸ್ಪಾನ್ಸರ್ ಕ್ಲಬ್ಬಿಗೆ ಮ್ಯಾಟಿನ ಮೇಲೆ ಆಡಲು ಹೋಗುತ್ತಾನೆ. ಈಗಿನ ಟೂರ್ನಮೆಂಟುಗಳ ಹಣೆಬರಹವೇ ಅದು. ಈ ವಾರ ಇವರ ಬನಿಯನ್ನು, ಮುಂದಿನ ವಾರ ಅವರದು. ಎದೆಯ ಮೇಲೆ ಸಿಮೆಂಟಿನ ಹೆಸರಿರುತ್ತದೆ, ಊರಿನ ಹೆಸರಿರುವುದಿಲ್ಲ.

ಹೋದ ವರ್ಷ ಒಂದು ದಿನ ಶರತ್ ಅಂಗಡಿಯಲ್ಲಿ ಕೂತು ಮೊಬೈಲ್ ಮುಂದೆ ಹಿಡಿದ. "ಅಪ್ಪಾಜಿ, ಇಲ್ನೋಡಿ. ಆಸ್ಟ್ರೇಲಿಯಾದಾಗೆ ಅವರದ್ದೇ ಒಂಥರಾ ಫುಟ್‌ಬಾಲ್ ಐತೆ, ಮೊಟ್ಟೆಯಂಗೆ ಚೆಂಡು. ಮುಂಚೆ ರಾಜ್ಯ ರಾಜ್ಯದ ಮಧ್ಯೆ ಮ್ಯಾಚ್ ಆಡೋರಂತೆ. ಕ್ಲಬ್ಬುಗಳು ಬಲ ಆದ ಮೇಲೆ ನಿಂತೋಯ್ತಂತೆ. ಈಗ ಮತ್ತೆ ಶುರು ಮಾಡ್ತಾವ್ರೆ. ಯಾವ ಕ್ಲಬ್ಬಲ್ಲಿದ್ರೂ ಸರಿ, ಆವತ್ತು ಮಾತ್ರ ಅವರವರ ಮೂಲದ ರಾಜ್ಯಕ್ಕೇ ಆಡ್ಬೇಕಂತೆ."

ಇಂದುಧರನ ಕೈಯ ದಬ್ಬಳ ನಿಂತುಹೋಯಿತು. ನಿಂತುಹೋದದ್ದು ಮತ್ತೆ ಶುರುವಾಗುತ್ತದೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಸಮುದ್ರದಾಚೆಯ ಜನಕ್ಕೆ ಆದೀತು ಎಂದರೆ ಜಾವಗಲ್ ದಾಟಿದರೆ ಸಿಗುವ ಹಳೇಬೀಡಿಗೆ ಯಾಕಾಗದು? ತಾನೇ ಕೊಂದದ್ದನ್ನು ತಾನೇ ಬದುಕಿಸಿಬಿಟ್ಟರೆ, ಬಾಯಿ ಬಿಟ್ಟು ಹೇಳಿಕೊಳ್ಳದೆಯೇ ತಪ್ಪು ತೀರಿದಂತಲ್ಲವೇ? ಪಾಪ, ಹಾಗಂದುಕೊಂಡ.

ಅಂದಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಓಡಾಡಿದ. ಅರಸೀಕೆರೆಯ ಹಳೆಯ ಕ್ಯಾಪ್ಟನ್ ತಿಮ್ಮಯ್ಯನನ್ನು ಹಿಡಿದ. ಹಳೇಬೀಡಿನಲ್ಲಿ ಚನ್ನೇಶನ ಮನೆಗೇ ಹೋಗಿ ಕೂತ. ಚನ್ನೇಶ್ ಈಗ ಆ ಕಡೆಯ ಹುಡುಗರಿಗೆ ಆಟ ಕಲಿಸುವವನು, ಅವನ ಮಾತು ಅಲ್ಲಿ ನಡೆಯುತ್ತದೆ. ಎಲ್ಲ ಕೇಳಿಸಿಕೊಂಡು, "ಆಗ್ಲಿ ಭಾವ. ಆದ್ರೆ ಬಾಡಿಗೆ ಆಟಗಾರರನ್ನ ತಂದು ನಿಲ್ಲಿಸ್ಬಾರ್ದು" ಎಂದ. ಅದಕ್ಕೆ ಇಂದುಧರ ಅಲ್ಲೇ ಹಾಳೆ ತೆಗೆದು ತನ್ನ ಕೈಯಾರೆ ನಿಯಮ ಬರೆದ: ಯಾರು ಯಾವ ತಾಲ್ಲೂಕಿನಲ್ಲಿ ಹುಟ್ಟಿದರೋ ಆ ತಾಲ್ಲೂಕಿಗೇ ಆಡತಕ್ಕದ್ದು, ಜನನ ಪತ್ರ ತೋರಿಸತಕ್ಕದ್ದು. ಇಬ್ಬರೂ ಸಹಿ ಹಾಕಿದರು. ಚನ್ನೇಶ್ ಎಡಗೈಯಿಂದ ಹಾಕಿದ.

ಮಹಾನುಭಾವರು ಒಂದೇ ಒಂದು ಸಂಗತಿ ಮರೆತಿದ್ದರು. ನಮ್ಮ ಕಡೆ ಯಾರನ್ನೂ ನೀನು ಹುಟ್ಟಿದ್ದೆಲ್ಲಿ ಎಂದು ಕೇಳುವುದಿಲ್ಲ, ನಿಮ್ಮ ಊರು ಯಾವುದು ಎನ್ನುತ್ತೇವೆ. ಊರೆಂದರೆ ಅಪ್ಪನ ಊರು. ಆದರೆ ಚೊಚ್ಚಲ ಹೆರಿಗೆ ತಾಯಿಯ ತವರಿನಲ್ಲಿ. ಈ ಎರಡು ತಾಲ್ಲೂಕುಗಳ ನಡುವೆ ಹೆಣ್ಣು ಕೊಟ್ಟು ತಂದದ್ದು ಎಷ್ಟೋ ತಲೆಮಾರಿನಿಂದ. ಜನವರಿಯಲ್ಲಿ ಆಯ್ಕೆಯಾದ ಹುಡುಗರ ಜನನ ಪತ್ರಗಳನ್ನು ಗೋಣಿಚೀಲದ ಮೇಲೆ ಹರಡಿಕೊಂಡು ಕೂತ ತಿಮ್ಮಯ್ಯ, ಒಂದೊಂದೇ ಓದುತ್ತಾ ಹೋದಂತೆ ಧ್ವನಿ ಇಳಿಸಿದ. ಹಿರಿಮಕ್ಕಳೆಲ್ಲ ಅಮ್ಮಂದಿರ ಊರಿನವರು. ಒಬ್ಬ ಬೇಲೂರು ತಾಲ್ಲೂಕಿನ ಬಿಕ್ಕೋಡಿನವನು. ಇಬ್ಬರು ಹಾಸನದ ಆಸ್ಪತ್ರೆಯಲ್ಲಿ ಹುಟ್ಟಿದವರು, ಎರಡೂ ಕಡೆಗೆ ಸೇರದೆ ಹೊರಗೇ ಉಳಿದರು. ಕೊನೆಯ ಪತ್ರ ಶರತ್‌ದು. ಜನ್ಮಸ್ಥಳ ಹಳೇಬೀಡು, ಬೇಲೂರು ತಾಲ್ಲೂಕು.

"ಈ ರೂಲ್ಸು ಹರಿದಾಕು ಇಂದುಧರ," ಎಂದ ತಿಮ್ಮಯ್ಯ. "ಹೆತ್ತ ಮಗನ್ನ ಆ ಕಡೆ ನಿಲ್ಲಿಸ್ತೀಯೇನ್ಲಾ? ತಲೆ ಸರಿ ಐತಾ?"

ಚನ್ನೇಶನಿಗೆ ಫೋನು ಹೋಯಿತು. ಅವನ ಕಡೆಯೂ ನಾಲ್ವರು ಅರಸೀಕೆರೆಯ ಪಾಲಾಗಿದ್ದರು. ಆದರೂ ಅವನು ಮೆಲ್ಲಗೆ ಹೇಳಿದ: "ಬದಲಾಯಿಸೋದಾದ್ರೆ ಬದಲಾಯಿಸಿ ಭಾವ, ನಂದೇನಿಲ್ಲ. ಮಗನಿಗೋಸ್ಕರ ಬದಲಾಯಿಸಿದ್ರು ಅಂತಾರೆ ನಮ್ಮ ಹುಡುಗ್ರು. ಅರಸೀಕೆರೆಯೋರ ಮಾತು ಇಷ್ಟೇ ಅಂತಾರೆ. ಒಂದು ಸಲ ಹಂಗೆ ಆಗೈತಲ್ಲ."

ಒಂದು ಸಲ ಹಂಗೆ ಆಗೈತಲ್ಲ. ಇಪ್ಪತ್ತೆಂಟು ವರ್ಷಕ್ಕೆ ಅವನ ಬಾಯಿಂದ ಬಂದದ್ದು ಇಷ್ಟೇ. ಇಂದುಧರ ಹಾಳೆಯನ್ನು ಮಡಚಿ ಒಳಗಿಟ್ಟ. ನಿಯಮ ಹಾಗೆಯೇ ಉಳಿಯಿತು.

ಶರತ್ ಬೇಲೂರಿನ ಅಭ್ಯಾಸಕ್ಕೆ ಎರಡನೇ ಸಲ ಹೊರಟ ದಿನ ಚೀಲ ಹೆಗಲಿಗೇರಿಸಿ ಫೋಟೋದ ಮುಂದೆ ನಿಂತುಕೊಂಡ. "ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅಲ್ಲಿ ಹುಡುಗ್ರು ನನ್ನ ಆಡ್ಕೋತಾರೆ. ನಿಮ್ಮಪ್ಪ ಗೆರೆ ಮುಟ್ಟೇ ಇರ್ಲಿಲ್ಲ ಅಂತಾರೆ. ನೀವು ನಿಜವಾಗ್ಲೂ ಮುಟ್ಟಿದ್ರಲ್ವಾ ಅಪ್ಪಾಜಿ?"

ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಕಮಲಾಕ್ಷಮ್ಮ ಬುತ್ತಿ ಕಟ್ಟಿಕೊಂಡು ಅಲ್ಲೇ ನಿಂತಿದ್ದಳು. ಮಗನ ಕಣ್ಣಲ್ಲಿ ಸಂಶಯವಿರಲಿಲ್ಲ, ಹೌದೆನ್ನಿಸಿಕೊಳ್ಳುವ ಆಸೆ ಇತ್ತು. ಇಂದುಧರ ದಬ್ಬಳಕ್ಕೆ ದಾರ ಪೋಣಿಸುತ್ತಾ, ತಲೆ ಎತ್ತದೆ, "ಫೋಟೋದಾಗೆ ಕಾಣ್ತೈತಲ್ಲೋ" ಎಂದ.

ಹೇಡಿ. ಬೇರೆ ಪದ ಯಾಕೆ ಹುಡುಕಬೇಕು? ಅವನೇ ತನ್ನನ್ನು ಹಾಗೆ ಕರೆದುಕೊಂಡ, ಮಗನ ಬಸ್ಸು ಹೋದ ಮೇಲೆ.

ಫೆಬ್ರವರಿಯ ಒಂದು ಭಾನುವಾರ, ಅದೇ ಬಯಲಿನಲ್ಲಿ ಪಂದ್ಯ. ಮ್ಯಾಟು ಬೇಡ, ಮಣ್ಣೇ ಇರಲಿ ಎಂದು ಇಂದುಧರ ಹಟ ಹಿಡಿದಿದ್ದ. ಗೆರೆಯನ್ನೂ ತಾನೇ ಎಳೆದ. ಬಗ್ಗಿ ಬಗ್ಗಿ ಸುಣ್ಣದ ಪುಡಿ ಸುರಿಯುತ್ತಾ ಬಂದಾಗ ಬೆನ್ನು ಹಿಡಿದುಕೊಂಡಿತು. ಬಂದವರು ಐನೂರು ಜನವಿರಬಹುದು. ಹೆಚ್ಚಿನವರು ತಲೆ ನರೆತವರು. ಹುಡುಗರು ಮೊಬೈಲ್ ಎತ್ತಿ ಹಿಡಿದಿದ್ದರು. ಆದರೂ ಮೊದಲರ್ಧ ಮುಗಿಯುವಷ್ಟರಲ್ಲಿ ಬಯಲಿನ ದನಿಯೇ ಬದಲಾಯಿತು. "ಹಿಡೀ, ಹಿಡೀ!" ಎಂದು ಅರಸೀಕೆರೆಯ ಮುದುಕರು ಎದ್ದು ನಿಂತರು. ಬೇಲೂರಿನವರು ತಮಟೆ ಬಡಿದರು. ಶರತ್ ಬೇಲೂರಿನ ಹಳದಿ ಬನಿಯನ್ನಿನಲ್ಲಿ ಅಂಕದ ಮೇಲೆ ಅಂಕ ತರುತ್ತಿದ್ದ, ಅವನಿಗೆ ಜೈಕಾರ ಹಾಕುತ್ತಿದ್ದವರು ಹಳೇಬೀಡಿನವರು. ಅರಸೀಕೆರೆಯ ಬೆಂಚಿನಲ್ಲಿ ಕೂತ ಇಂದುಧರನಿಗೆ ಅದು ಉರಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಎದೆ ತುಂಬಿ ಬಂದಿತ್ತು. ಯಾರು ಗೆದ್ದರೇನು, ಮುಂದಿನ ವರ್ಷ ಅರಸೀಕೆರೆಯಲ್ಲಿ, ಅದರ ಮುಂದಿನ ವರ್ಷ ಇಲ್ಲಿ, ಇದು ಇನ್ನು ನಿಲ್ಲುವುದಿಲ್ಲ. ಪಕ್ಕದಲ್ಲಿದ್ದ ತಿಮ್ಮಯ್ಯನ ತೊಡೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದ.

ಕೊನೆಯ ರೈಡಿಗೆ ಅರಸೀಕೆರೆ ಒಂದು ಅಂಕ ಮುಂದಿತ್ತು. ರೈಡ್ ಶರತ್‌ದು.

ಮೂವರು ಬಿದ್ದರು. ಶರತ್ ಕೆಳಗೆ ಹೋದ, ಎದ್ದ, ಮತ್ತೆ ಬಿದ್ದ. ಮೂರು ಜನರನ್ನೂ ಎಳೆದುಕೊಂಡು ತೆವಳಿದ. ಉಸಿರಿನ್ನೂ ಇತ್ತು. "ಕಬಡ್ಡಿ, ಕಬಡ್ಡಿ" ಎನ್ನುವುದು ಬೆಂಚಿಗೆ ಚೆನ್ನಾಗಿ ಕೇಳುತ್ತಿತ್ತು, ಬೆಂಚು ಗೆರೆಗೆ ಅಷ್ಟು ಹತ್ತಿರದಲ್ಲಿತ್ತು. ಬಲಗೈ ಮುಂದಕ್ಕೆ ಬಂತು. ಗೆರೆ ನಾಲ್ಕು ಬೆರಳಿನಷ್ಟು ದೂರ, ಅಷ್ಟೂ ಇರಲಿಲ್ಲ. ಮೊಣಕೈ ಇನ್ನೂ ಪೂರ್ತಿ ಚಾಚಿರಲಿಲ್ಲ. ಇಂದುಧರ ತನಗೇ ತಿಳಿಯದೆ ಎದ್ದು ನಿಂತು, "ಮುಟ್ಟೋ! ಮುಟ್ಟೋ ಮಗನೇ!" ಎಂದು ಕೂಗಿದ.

ಶರತ್ ತಲೆ ಎತ್ತಿ ಅಪ್ಪನನ್ನು ನೋಡಿದ. ನೋಡಿ, ಬೆರಳು ಮಡಚಿಕೊಂಡ. ಉಸಿರು ಬಿಟ್ಟ.

ಸೀಟಿ ಕೇಳಿತು. ಅರಸೀಕೆರೆಯವರು ಕುಣಿದರು, ತಿಮ್ಮಯ್ಯ ಇಂದುಧರನನ್ನು ತಬ್ಬಿಕೊಂಡು ಅತ್ತೇಬಿಟ್ಟ. ಯಾರೋ ತಂದು ಕಪ್ಪನ್ನು ಅವನ ಕೈಗೆ ತುರುಕಿದರು. ಆಟ ಬಲ್ಲವನಿಗೆ ಎರಡು ಸಲ ನೋಡಬೇಕಿಲ್ಲ. ಅವನು ಕಂಡಿದ್ದ. ಆಚೆ ಬದಿಯಲ್ಲಿ ಚನ್ನೇಶನೂ ಕಂಡಿದ್ದ. ಐದು ನಿಮಿಷದಲ್ಲಿ ಬೇಲೂರಿನ ಹುಡುಗರೆಲ್ಲ ಕಂಡರು. ಮೊಬೈಲಿನಲ್ಲಿ ನಿಧಾನವಾಗಿ ಓಡಿಸಿ, ಬೆರಳು ಮಡಚುವಲ್ಲಿ ನಿಲ್ಲಿಸಿ, ಒಬ್ಬರಿಗೊಬ್ಬರು ತೋರಿಸಿಕೊಂಡರು.

ಈ ಸಲ ಕಲ್ಲು ಹಾರಲಿಲ್ಲ. ಹಾರಿದ್ದರೆ ಚೆನ್ನಾಗಿತ್ತು. ಹುಡುಗರು ತಮಟೆ ಹೆಗಲಿಗೆ ಹಾಕಿಕೊಂಡು, ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಟೆಂಪೋಗೆ ತುಂಬಿ, ಒಂದು ಮಾತೂ ಆಡದೆ ಹೊರಟರು. ಒಬ್ಬ ಮಾತ್ರ ಹೋಗುತ್ತಾ ಶರತ್‌ನ ಕಾಲ ಬಳಿ ಉಗಿದು, "ಅಪ್ಪನಿಗೆ ಮಾರ್ಕೊಂಡ" ಎಂದ. ಸಂಜೆ ಆ ವಿಡಿಯೋ ಎರಡೂ ತಾಲ್ಲೂಕು ಸುತ್ತಲಿತ್ತು. ಮರುದಿನ ಶರತ್‌ನ ಕ್ಲಬ್ಬಿನವರು ಫೋನು ಮಾಡಿ ಇನ್ನು ಬರಬೇಡ ಎನ್ನಲಿದ್ದರು.

ಬಯಲು ಖಾಲಿಯಾದ ಮೇಲೆ ಚನ್ನೇಶ್ ಬಂದ. "ಮುಂದಿನ ವರ್ಷ ನಮ್ಮೋರು ಬರಾಕಿಲ್ಲ ಭಾವ. ನಾನು ಕೇಳೋಕೂ ಹೋಗಲ್ಲ. ಯಾವ ಮುಖ ಇಟ್ಕೊಂಡು ಕೇಳ್ಲಿ?" ಎಂದ. ಸಿಟ್ಟಿನಿಂದ ಹೇಳಿದ್ದರೆ ಎದುರಾಡಬಹುದಿತ್ತು. ಅವನು ದಣಿದವನಂತೆ ಹೇಳಿದ.

ಶರತ್ ಮಾತ್ರ ನಗುತ್ತಾ ಬಂದ. ಮುಖದ ತುಂಬ ಮಣ್ಣು. ಬಲಗೈಯನ್ನು ಅಪ್ಪನ ಮುಂದೆ ಚಾಚಿ, "ನೋಡಿ ಅಪ್ಪಾಜಿ, ಒಂದು ಚೂರು ಸುಣ್ಣ ಇಲ್ಲ" ಎಂದ. "ಅವರೇನು ಬೇಕಾದ್ರೂ ಬೈಕೊಳ್ಲಿ. ಆವತ್ತು ಇದೇ ಗೆರೇಲಿ ನಿಮ್ಮಿಂದ ಕಿತ್ಕೊಂಡಿದ್ರು. ಇವತ್ತು ನಿಮಗೆ ಕೊಡ್ಸಿದೀನಿ. ಚಿಕ್ಕೋನಿದ್ದಾಗಿಂದ ಅಂದ್ಕೊಂಡಿದ್ದೆ."

ಇಂದುಧರನಿಗೆ ಕಪ್ಪನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಹೊರಳದ ನಾಲಿಗೆ, ಎಲ್ಲ ಹಾಳಾದ ಮೇಲೆ, ಈಗ ಹೊರಳಿತು.

"ನಾನು ಮುಟ್ಟಿರ್ಲಿಲ್ಲ ಕಣೋ," ಎಂದ. "ಸೀಟಿ ಊದಿದ ಮೇಲೆ ಕೈ ಊರಿದ್ದು."

ಶರತ್‌ನ ಕೈ ಚಾಚಿದಂತೆಯೇ ಇತ್ತು. ಮೊದಲು ನಗು ಹಾಗೆಯೇ ಇತ್ತು, ಆಮೇಲೆ ಹೋಯಿತು. ಮಾವನ ಕಡೆ ತಿರುಗಿದ. ಚನ್ನೇಶ್ ಹಳೇಬೀಡಿನ ಕೆರೆಯ ಕಡೆ ನೋಡುತ್ತಾ ನಿಂತಿದ್ದ, ಅಲ್ಲವೆನ್ನಲಿಲ್ಲ. ಬಲಗೈ ಎಂದಿನಂತೆ ಅರ್ಧಕ್ಕೆ ಮಡಚಿಕೊಂಡೇ ಇತ್ತು. ಶರತ್ ಆ ಮೊಣಕೈಯನ್ನೇ ನೋಡಿದ, ಮೊದಲ ಸಲ ನೋಡುವವನಂತೆ.

"ಹಂಗಾದ್ರೆ ಮಾವನ ಕೈ?" ಎಂದು ಕೇಳಿದ.

ಉತ್ತರಕ್ಕೆ ಕಾಯದೆ ಶರತ್ ಮಾವನ ಹೆಗಲಿನ ಚೀಲವನ್ನು ತಾನು ತೆಗೆದುಕೊಂಡ. ಇಬ್ಬರೂ ಬಸ್ತಿಹಳ್ಳಿ ದಾರಿ ಹಿಡಿದು ಹಳೇಬೀಡಿನ ಮನೆಯ ಕಡೆ ನಡೆದರು. ಇಂದುಧರ ಅವರು ತಿರುಗಿ ನೋಡಿಯಾರೆಂದು ಕಾದ. ನೋಡಲಿಲ್ಲ. ಅವನು ಎಳೆದ ಗೆರೆ ಅಷ್ಟರಲ್ಲಿ ಕಾಲ್ತುಳಿತಕ್ಕೆ ಅಳಿಸಿಹೋಗಿತ್ತು.

ತಿಮ್ಮಯ್ಯನ ಗುಂಪು ವ್ಯಾನಿನಲ್ಲಿ ಕೂಗುತ್ತಾ ಮುಂದೆ ಹೋಗಿಬಿಟ್ಟಿತ್ತು. ಇಂದುಧರ ಅರಸೀಕೆರೆಯ ಬಸ್ಸು ಹತ್ತಿ, ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತ. ಜಾವಗಲ್ ಹತ್ತಿರ ಬಂದಾಗ ಕಂಡಕ್ಟರ್ ಟಿಕೆಟ್ಟಿಗೆ ಬಂದು ನಿಂತ. ಕಪ್ಪು ನೋಡಿ ಖುಷಿಯಾಯಿತು ಅವನಿಗೆ.

"ಏನ್ ಸಾರ್, ಗೆದ್ರಾ? ಯಾರ್ದು ಕಪ್ಪು?"

"ಬೇಲೂರಿನೋರದು," ಎಂದ ಇಂದುಧರ.

"ಮತ್ತೆ ನಿಮ್ಮ ಕೈಯಾಗೆ ಯಾಕೈತೆ?"

ಇಂದುಧರ ಚಿಲ್ಲರೆ ಎಣಿಸಿ ಕೊಟ್ಟು, ಟಿಕೆಟ್ ತೆಗೆದುಕೊಂಡು, ಕಿಟಕಿಯ ಕಡೆ ಮುಖ ತಿರುಗಿಸಿದ.